ಕೊನೆಯ ಎಳೆತ ಮಗುವಿಗೇ ಬಿಡಿ

ಅಂಗಿಯ ಗುಂಡಿ ಹಾಕುವುದು ಯಾವ ದೊಡ್ಡ ಕೆಲಸ ಅನಿಸುತ್ತದೆ ಅಲ್ವಾ? ದಪ್ಪ ಕೈಗವಸು ತೊಟ್ಟು ಒಮ್ಮೆ ಹಾಕಿ ನೋಡಿ. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಹಿಡಿಯಬೇಕು. ಇನ್ನೊಂದು ಕೈಯ ಎರಡು ಬೆರಳು ಗುಂಡಿಯನ್ನು ಓರೆ ಮಾಡಿ ತೂರಿಸಬೇಕು. ಯಾವ ಗುಂಡಿಗೆ ಯಾವ ತೂತು ಅನ್ನುವುದು ತಲೆಯಲ್ಲಿರಬೇಕು. ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ ಆಕ್ಯುಪೇಷನಲ್ ಥೆರಪಿ, ಅದು ಹಿಡಿದುಕೊಳ್ಳುವುದು ಇಂಥ ಕೆಲಸಗಳನ್ನೇ. ಇಲ್ಲಿ ಆಕ್ಯುಪೇಷನ್ ಅಂದರೆ ನೌಕರಿಯಲ್ಲ. ಉಣ್ಣುವುದು, ಉಡುವುದು, ಆಡುವುದು, ಬರೆಯುವುದು ಎಲ್ಲ ಸೇರಿತು.

4–5 ವರ್ಷದ ಮಗುವಿಗೆ ಗುಂಡಿ ಹಾಕುವುದನ್ನು ಮನೆಯಲ್ಲೇ ಹೀಗೆ ಕಲಿಸಬಹುದು.

ಮೊದಲು ಸರಿಯಾಗಿ ಕೂರಿಸಿ. ಪಾದ ಊರಿರಬೇಕು, ಮೇಜು ಮೊಣಕೈ ಎತ್ತರಕ್ಕಿರಬೇಕು. ಕಾಲು ಜೋತಾಡುತ್ತಿದ್ದರೆ ಕೆಳಗೆ ಒಂದು ಪೆಟ್ಟಿಗೆ ಇಡಿ. ಮೈ ಅಲುಗಾಡುತ್ತಿದ್ದರೆ ಬೆರಳು ಹಿಡಿತಕ್ಕೆ ಬರುವುದಿಲ್ಲ.

ಆಮೇಲೆ ಬಟ್ಟೆ ಕ್ಲಿಪ್ ಆಟ. ಒಂದು ಕೈಯಲ್ಲಿ ರಟ್ಟು, ಇನ್ನೊಂದರಲ್ಲಿ ಕ್ಲಿಪ್. ಹೆಬ್ಬೆರಳು, ತೋರುಬೆರಳಿನಿಂದ ಒತ್ತಿ ರಟ್ಟಿನ ಅಂಚಿಗೆ ಸಿಕ್ಕಿಸಬೇಕು. ಕೈಯೆಲ್ಲ ಮುಷ್ಟಿ ಕಟ್ಟುತ್ತಿದ್ದರೆ ಉಂಗುರ ಬೆರಳು, ಕಿರುಬೆರಳು ಮಡಚಿಸಿ, ಒಳಗೊಂದು ಹತ್ತಿ ಉಂಡೆ ಹಿಡಿಸಿ. ಆ ಎರಡು ಬೆರಳು ಸುಮ್ನೆ ಕೂತವು ಅಂದರೆ ಉಳಿದ ಮೂರು ನೆಟ್ಟಗೆ ಕೆಲಸ ಮಾಡುತ್ತವೆ. ಪೆನ್ಸಿಲ್ ಹಿಡಿಯಲೂ ಇದೇ ಬೇಕು.

ಕೈ ಪಳಗಿದ ಮೇಲೆ ನೆನಪಿಗೂ ಕೆಲಸ ಕೊಡಿ. 'ಕೆಂಪು, ನೀಲಿ, ನೀಲಿ' ಅಂತ ಒಂದೇ ಸಲ ಹೇಳಿ, ಅದೇ ಸಾಲಿನಲ್ಲಿ ಸಿಕ್ಕಿಸಲಿ. ಸಲೀಸಾದರೆ ನೀವು ಹೇಳಿದ ಕೊನೆಯ ಬಣ್ಣದಿಂದ ಶುರು ಮಾಡಿ ಮೊದಲಿನದಕ್ಕೆ ಬರಲಿ. ಹತ್ತರಲ್ಲಿ ಏಳೆಂಟು ಸಲ ಗೆಲ್ಲುವಷ್ಟು ಕಷ್ಟ ಸಾಕು, ಜಾಸ್ತಿಯಾದರೆ ಮಗು ಎದ್ದು ಹೋಗುತ್ತದೆ. ದಿನಕ್ಕೆ ಹತ್ತು ನಿಮಿಷ ಧಾರಾಳ. ಮನೆಯಲ್ಲಿ 3 ವರ್ಷದೊಳಗಿನ ಮಗುವೂ ಇದ್ದರೆ ಗುಂಡಿ, ಮಣಿ ಅದರ ಕೈಗೆ ಸಿಗದಿರಲಿ. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕೀತು.

ಈಗ ಅಂಗಿಗೆ ಬನ್ನಿ. ದೊಡ್ಡ ಗುಂಡಿಯ ಅಂಗಿಯನ್ನು ಮೇಜಿನ ಮೇಲೆ ಹಾಸಿ. ಮೊದಲು ಬಿಚ್ಚುವುದು ಕಲಿಯಲಿ, ಅದು ಹಾಕುವುದಕ್ಕಿಂತ ಸುಲಭ. ಹಾಕುವುದನ್ನು ಮಾತ್ರ ಕೊನೆಯಿಂದ ಕಲಿಸಬೇಕು. ಗುಂಡಿಯನ್ನು ಅರ್ಧ ತೂರಿಸುವವರೆಗೆ ನೀವು ಮಾಡಿ, ಆಚೆ ಬದಿಯಿಂದ ಎಳೆಯುವುದಷ್ಟೇ ಮಗುವಿನ ಪಾಲು. 'ಹಾಕ್ದೆ!' ಅನ್ನುವ ಖುಷಿ ಮೊದಲ ದಿನವೇ ಸಿಗುತ್ತದೆ. ಅದು ರೂಢಿಯಾದ ಮೇಲೆ ಗುಂಡಿಯ ಅಂಚನ್ನಷ್ಟೇ ತೂತಿಗೆ ತಾಗಿಸಿ ಬಿಡಿ. ಕೊನೆಗೆ ನಿಮ್ಮ ಕೈ ಪೂರ್ತಿ ಹಿಂದೆ. ಮೊದಲಿನಿಂದ ಕಲಿಸಲು ಹೋದರೆ ಪ್ರತಿ ಸಲವೂ ಮಗು ಅರ್ಧಕ್ಕೆ ಸೋತು, ನೀವು ಮುಗಿಸಿಕೊಟ್ಟಂತಾಗುತ್ತದೆ.

ಬೆಳಗಿನ ಗಡಿಬಿಡಿಯಲ್ಲಂತೂ ಕಲಿಸಬೇಡಿ. ನಾನು ಆ ತಪ್ಪು ಮಾಡಿ, ಮಗುವೂ ಅತ್ತು, ನಾನೂ ರೇಗಿ, ಕೊನೆಗೆ ಗುಂಡಿ ಹಾಕಿದ್ದು ನಾನೇ.

ವಾರಗಟ್ಟಲೆ ಮಾಡಿಸಿದರೂ ಬದಲಾವಣೆ ಕಾಣದಿದ್ದರೆ ಥೆರಪಿಸ್ಟ್ ಹತ್ತಿರ ತೋರಿಸಿ. ಒಂದು ಕೈಯನ್ನು ಬಳಸುವುದೇ ಇಲ್ಲ, ಇಲ್ಲವೇ ಬರುತ್ತಿದ್ದ ಕೆಲಸ ಮರೆತಿದೆ ಅನಿಸಿದರೆ ಕಾಯದೆ ವೈದ್ಯರ ಬಳಿ ಹೋಗಿ.

ಮೇಜಿನ ಮೇಲೆ ಹಾಸಿದ ಅಂಗಿಗೆ ಗುಂಡಿ ಹಾಕಲು ಬಂದರೆ ಮೈಮೇಲಿನ ಅಂಗಿಯಲ್ಲಿ ಶುರು ಮಾಡಿ, ಕೆಳಗಿನ ಗುಂಡಿಯಿಂದ. ಕತ್ತಿನ ಗುಂಡಿ ಎಲ್ಲಕ್ಕಿಂತ ಕೊನೆಗೆ. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳೇ ಹುಡುಕಬೇಕು.