ಬದುಕು ಯಾರದು, ಮಾತು ಯಾರದು: ಆತ್ಮಕಥೆ, ಜೀವನಚರಿತ್ರೆ ಓದುವ ಬಗೆ

ಆತ್ಮಕಥೆಗೂ ಜೀವನಚರಿತ್ರೆಗೂ ಏನು ವ್ಯತ್ಯಾಸ ಅಂತ ಹೈಸ್ಕೂಲ್ ಮಕ್ಕಳನ್ನು ಕೇಳಿ ನೋಡಿ. 'ನಾನು' ಅಂತಿದ್ದರೆ ಆತ್ಮಕಥೆ, 'ಅವರು' ಅಂತಿದ್ದರೆ ಜೀವನಚರಿತ್ರೆ ಎಂಬ ಉತ್ತರ ಥಟ್ಟನೆ ಬರುತ್ತದೆ. ಸಂಗತಿಗೂ ಅಭಿಪ್ರಾಯಕ್ಕೂ? ನಿಜವಾಗಿದ್ದು ಸಂಗತಿ, ಅನಿಸಿದ್ದು ಅಭಿಪ್ರಾಯ. ಎರಡೂ ಗೈಡಿನ ಉತ್ತರಗಳು. ಮಾರ್ಕ್ಸ್ ಸಿಗುತ್ತದೆ. ಆದರೆ ಇದನ್ನೇ ನಂಬಿಕೊಂಡು ಒಂದು ಪುಸ್ತಕ ತೆರೆದರೆ ಕೆಲವೇ ಪುಟಗಳಲ್ಲಿ ಎಡವುತ್ತೀರಿ.

ಇದನ್ನು ಸರಿಯಾಗಿ ಕಲಿಯಲು ಹಾಸನ, ಚಿಕ್ಕಮಗಳೂರಿನವರು ದೂರ ಹೋಗಬೇಕಿಲ್ಲ. ನಮ್ಮ ಸುತ್ತಲಿನ ಲೇಖಕರು, ಶಾಸನಗಳು, ಕಾಫಿ ತೋಟದ ಲೆಕ್ಕದ ಪುಸ್ತಕಗಳೇ ಸಾಕು. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಲೈಬ್ರರಿ ಪುಸ್ತಕದ ಮೇಲೆ ಮಾತ್ರ ಗೀಟು ಎಳೆಯಬೇಡಿ. ನಮ್ಮಲ್ಲಿ ಆ ಚಾಳಿ ಈಗಾಗಲೇ ಜಾಸ್ತಿ ಇದೆ.

ಮೊದಲು ಎರಡು ಹೆಸರು ಬರೆದುಕೊಳ್ಳಿ

ಪುಸ್ತಕ ಯಾರ ಬದುಕನ್ನು ಹೇಳುತ್ತಿದೆ? ಹೇಳುತ್ತಿರುವವರು ಯಾರು? ಎರಡೂ ಹೆಸರು ಒಂದೇ ಆದರೆ ಆತ್ಮಕಥೆ. ಬೇರೆ ಬೇರೆ ಆದರೆ ಜೀವನಚರಿತ್ರೆ. 'ನಾನು' ಎಷ್ಟು ಸಲ ಬಂದಿದೆ ಅಂತ ಎಣಿಸಬೇಡಿ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪ ಅವರ 'ಭಿತ್ತಿ' ಸುಲಭದ ಉದಾಹರಣೆ. ಬದುಕೂ ಅವರದು, ಬರವಣಿಗೆಯೂ ಅವರದು. ಆತ್ಮಕಥೆ. ಮುಗಿಯಿತು.

ಈಗ ಸ್ವಲ್ಪ ತೊಡಕಿನದು. ಕುವೆಂಪು ತಮ್ಮ ಬದುಕನ್ನು 'ನೆನಪಿನ ದೋಣಿಯಲ್ಲಿ' ಪುಸ್ತಕದಲ್ಲಿ ತಾವೇ ಬರೆದರು. ಅವರ ಮಗ, ಮೂಡಿಗೆರೆಯಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿ, ಅಪ್ಪನ ಬಗ್ಗೆ 'ಅಣ್ಣನ ನೆನಪು' ಬರೆದರು. ತಂದೆಯನ್ನು ತೇಜಸ್ವಿ 'ಅಣ್ಣ' ಎಂದೇ ಕರೆಯುತ್ತಿದ್ದರು. ಈ ಎರಡನೇ ಪುಸ್ತಕದ ತುಂಬ 'ನಾನು', 'ನಾವು' ಇದೆ. ಹಾಗಾದರೆ ಅದು ಆತ್ಮಕಥೆಯಾ? ಅಲ್ಲ. ಹೇಳುತ್ತಿರುವವರು ತೇಜಸ್ವಿ, ಹೇಳಹೊರಟದ್ದು ಕುವೆಂಪು ಬಗ್ಗೆ. ಆದರೆ ಅಪ್ಪನ ಕಥೆ ಹೇಳುತ್ತ ಮಗನ ಬಾಲ್ಯವೂ ಒಳಗೆ ಬಂದುಬಿಡುತ್ತದೆ. ರಾಜೇಶ್ವರಿ ತೇಜಸ್ವಿ ಅವರ 'ನನ್ನ ತೇಜಸ್ವಿ'ಯಲ್ಲೂ ಹೀಗೇ. ಗಂಡನ ಬದುಕು ಬರೆಯುವ ಹೆಂಡತಿ ತನ್ನ ಬದುಕನ್ನು ಹೊರಗೆ ಬಿಟ್ಟು ಬರೆಯಲು ಸಾಧ್ಯವೇ?

ಇಂಥ ಪುಸ್ತಕಗಳನ್ನು ನೆನಪಿನ ಬರಹ ಅಂತ ಬೇರೆಯಾಗಿಯೇ ಇಡುವುದು ಸರಿ ಎಂದು ನನ್ನ ಎಣಿಕೆ. ಪರೀಕ್ಷೆಯಲ್ಲಿ ಎರಡೇ ಆಯ್ಕೆ ಕೊಟ್ಟಿದ್ದರೆ ಜೀವನಚರಿತ್ರೆಗೆ ಟಿಕ್ ಹಾಕಿ, ಮುಂದಕ್ಕೆ ಹೋಗಿ.

ಮುಖಪುಟದ ಸಣ್ಣ ಅಕ್ಷರ ಓದಿ

ಮುಖಪುಟದಲ್ಲೋ ಮೊದಲ ಪುಟಗಳಲ್ಲೋ ಲೇಖಕರ ಹೆಸರಿನ ಪಕ್ಕ ಒಂದು ಪದ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಅಲ್ಲೇ ಅರ್ಧ ಉತ್ತರ ಇರುತ್ತದೆ.

'ಅನುವಾದ' ಎಂದಿದ್ದರೆ ಗೊಂದಲ ಬೇಡ. ಗಾಂಧೀಜಿಯ ಆತ್ಮಕಥೆಯನ್ನು ಕನ್ನಡಕ್ಕೆ ತಂದವರು ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರು. ಪುಸ್ತಕದ ಮೇಲೆ ಗೊರೂರರ ಹೆಸರಿದ್ದರೂ ಅದು ಗಾಂಧೀಜಿಯ ಆತ್ಮಕಥೆಯೇ. 'ನಿರೂಪಣೆ' ಎಂದಿದ್ದರೆ ಒಬ್ಬರು ಹೇಳಿದ್ದಾರೆ, ಇನ್ನೊಬ್ಬರು ಬರೆದುಕೊಂಡಿದ್ದಾರೆ ಅಂತ. ಅನಂತಮೂರ್ತಿಯವರ 'ಸುರಗಿ' ಹೀಗೆ ಬಂದದ್ದು. ಅದನ್ನೂ ಆತ್ಮಕಥೆ ಎಂದೇ ಲೆಕ್ಕ ಹಾಕಬೇಕು. ಆದರೆ ಯಾವ ಪ್ರಶ್ನೆ ಕೇಳಿದರು, ಯಾವುದನ್ನು ಇಟ್ಟುಕೊಂಡರು, ಯಾವುದನ್ನು ಬಿಟ್ಟರು ಎಂಬುದರಲ್ಲಿ ಬರೆದುಕೊಂಡವರ ಕೈಯೂ ಇರುತ್ತದೆ.

'ಕಾದಂಬರಿ' ಎಂದಿದ್ದರೆ ಅದು ಎರಡೂ ಅಲ್ಲ. ಬೇಲೂರಿಗೆ ಹೋದವರೆಲ್ಲ ಶಾಂತಲೆಯ ಕಥೆ ಕೇಳಿಕೊಂಡು ಬರುತ್ತಾರೆ. ಅದರಲ್ಲಿ ಎಷ್ಟೋ ಭಾಗ ಕಾದಂಬರಿಗಳಿಂದ ಬಂದದ್ದು. ಶಾಸನಗಳಿಂದ ಗೊತ್ತಾಗುವುದು ಕಡಿಮೆ. ಆಕೆ ವಿಷ್ಣುವರ್ಧನನ ಪಟ್ಟದ ರಾಣಿ, ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ರಾಜನಿಗೆ ಅವಳು ರಾತ್ರಿ ಏನು ಹೇಳಿದಳು ಎಂಬುದನ್ನು ಯಾವ ಕಲ್ಲಿನಲ್ಲೂ ಬರೆದಿಲ್ಲ.

'ಇದು ಇವರಿಗೆ ಹೇಗೆ ಗೊತ್ತು?' ಅಂತ ಕೇಳಿ

ಆತ್ಮಕಥೆ ಬರೆಯುವವರಿಗೆ ತಮ್ಮ ಬದುಕು ಪೂರ್ತಿ ಗೊತ್ತು ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಹುಟ್ಟಿದ ಕ್ಷಣದಿಂದಲೇ ಅದು ಸುಳ್ಳು. ಕುವೆಂಪು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದರು. ಆ ದಿನ ಅವರಿಗೇ ನೆನಪಿರಲು ಸಾಧ್ಯವಿಲ್ಲ. ಮನೆಯವರು ಹೇಳಿರಬೇಕು, ಇಲ್ಲ ಎಲ್ಲೋ ಬರೆದಿಟ್ಟಿರಬೇಕು. ಅಂದರೆ ಎಂಥ ಆತ್ಮಕಥೆಯೇ ಆದರೂ ಅದರ ಮೊದಲ ಕೆಲವು ಪುಟ ಜೀವನಚರಿತ್ರೆಯ ಹಾಗೆ, ಬೇರೆಯವರ ಮಾತಿನ ಮೇಲೆ ನಿಂತಿರುತ್ತದೆ.

ಕೊನೆಯೂ ಹಾಗೇ. ತನ್ನ ಸಾವನ್ನು ಯಾರೂ ಬರೆಯಲಾರರು. 'ಭಿತ್ತಿ' ಬಂದದ್ದು 1996ರಲ್ಲಿ. ಭೈರಪ್ಪ ತೀರಿಕೊಂಡದ್ದು 2025ರಲ್ಲಿ. 2007ರಲ್ಲಿ ಬಂದ ಅವರ ಕಾದಂಬರಿ 'ಆವರಣ' ಎಬ್ಬಿಸಿದ ಗಲಾಟೆ 'ಭಿತ್ತಿ'ಯಲ್ಲಿ ಸಿಗುವುದಿಲ್ಲ. ಅದಕ್ಕೆ ಬೇರೆಯವರು ಬರೆದ ಪುಸ್ತಕವೇ ಬೇಕು.

ಜೀವನಚರಿತ್ರೆಯಲ್ಲಿ ಇದೇ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು. 'ಆ ರಾತ್ರಿ ಅವರ ಮನಸ್ಸು ತಳಮಳಗೊಂಡಿತ್ತು' ಅಂತ ಬರೆದಿದ್ದರೆ, ಲೇಖಕರಿಗೆ ಅದು ಗೊತ್ತಾದದ್ದು ಪತ್ರದಿಂದಲೋ, ಡೈರಿಯಿಂದಲೋ, ಸ್ನೇಹಿತರಿಂದಲೋ? ಒಳ್ಳೆಯ ಲೇಖಕರು ಹೇಳಿರುತ್ತಾರೆ. ಹೇಳದೇ ಇದ್ದರೆ ಆ ಸಾಲಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಿ.

ಈಗ ಒಂದೊಂದೇ ವಾಕ್ಯ: ಸಂಗತಿಯಾ, ಅಭಿಪ್ರಾಯವಾ?

ಇಲ್ಲಿ ನಿಧಾನ ಮಾಡಿ. ಒಂದು ವಾಕ್ಯ ಎತ್ತಿಕೊಂಡು, 'ಎಲ್ಲಿಗೆ ಹೋಗಿ, ಏನು ನೋಡಿದರೆ ಇದು ಸರಿಯೋ ತಪ್ಪೋ ಗೊತ್ತಾಗುತ್ತದೆ?' ಅಂತ ಕೇಳಿ. ಹಾಗೆ ನೋಡುವ ಜಾಗ ಇದ್ದರೆ ಅದು ಸಂಗತಿಯ ಮಾತು. ಇಲ್ಲದಿದ್ದರೆ ಅಭಿಪ್ರಾಯ.

ಬೇಲೂರಿನ ಚೆನ್ನಕೇಶವ ದೇವಸ್ಥಾನವನ್ನು 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ. ಸಂಗತಿ, ಶಾಸನ ಇದೆ. ಹಳೇಬೀಡಿಗಿಂತ ಬೇಲೂರೇ ಚೆಂದ. ಅಭಿಪ್ರಾಯ. ಎರಡೂ ಊರಿನವರನ್ನು ಒಟ್ಟಿಗೆ ಕೂರಿಸಿಕೊಂಡು ಕೇಳಬೇಡಿ. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಸಂಗತಿ. ಶನಿವಾರ, ಭಾನುವಾರ ಅಲ್ಲಿಗೆ ಹೋಗಲೇಬಾರದು. ಅಭಿಪ್ರಾಯ. ನನ್ನದೂ ಅದೇ.

ಈಗ ಇದನ್ನು ನೋಡಿ: 'ಮುಳ್ಳಯ್ಯನಗಿರಿ ದಕ್ಷಿಣ ಭಾರತದ ಅತಿ ಎತ್ತರದ ಶಿಖರ.' ಇದು ತಪ್ಪು. ಕೇರಳದ ಆನೆಮುಡಿ ಅದಕ್ಕಿಂತ ಬಹಳ ಎತ್ತರ. ತಪ್ಪು ಅಂದಮೇಲೆ ಇದು ಅಭಿಪ್ರಾಯ ಅಂತ ಎಷ್ಟೋ ಮಕ್ಕಳು ಬರೆಯುತ್ತಾರೆ. ಅಲ್ಲ. ಅಳೆದು ನೋಡಬಹುದಾದ ಮಾತು ಇದು. ಅಳೆದಾಗ ಸುಳ್ಳಾಯಿತು, ಅಷ್ಟೆ. ಸುಳ್ಳು ಸುದ್ದಿ ಹರಡಿ ಸಿಕ್ಕಿಬಿದ್ದವರು 'ಅದು ನನ್ನ ಅಭಿಪ್ರಾಯ' ಅಂತ ಜಾರಿಕೊಳ್ಳುವುದು ಇದೇ ಸಂದಿಯಲ್ಲಿ.

'ಅನಿಸುತ್ತೆ' ಎಂಬ ಪದವನ್ನೂ ನಂಬಬೇಡಿ. 'ನಾವು ಸಕಲೇಶಪುರ ಬಿಟ್ಟದ್ದು ಬುಧವಾರ ಅನಿಸುತ್ತೆ' ಅಂದರೆ ಅಭಿಪ್ರಾಯ ಅಲ್ಲ, ನೆನಪು ಮಸುಕಾದ ಸಂಗತಿ. 'ಇದಕ್ಕಿಂತ ಒಳ್ಳೆಯ ಕಾಫಿ ಖಂಡಿತ ಎಲ್ಲೂ ಸಿಗಲ್ಲ' ಅಂದರೆ ಎಷ್ಟು ಖಂಡಿತ ಸೇರಿಸಿದರೂ ಅಭಿಪ್ರಾಯವೇ.

ಕೆಲವು ಪದಗಳು ಸಂಗತಿಯ ಒಳಗೆ ಸುಮ್ನೆ ನುಸುಳಿಕೊಳ್ಳುತ್ತವೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಪ್ರಧಾನಿಯಾಗಿದ್ದರು. ಇದರಲ್ಲಿ ತಕರಾರಿಲ್ಲ. 'ಬರೀ ಹನ್ನೊಂದು ತಿಂಗಳು' ಅಂತ ಒಬ್ಬರು ಬರೆಯುತ್ತಾರೆ. 'ಹನ್ನೊಂದು ತಿಂಗಳಲ್ಲೇ ಇಷ್ಟೆಲ್ಲ' ಅಂತ ಇನ್ನೊಬ್ಬರು. ಲೆಕ್ಕ ಒಂದೇ. 'ಬರೀ' ಮತ್ತು 'ಇಷ್ಟೆಲ್ಲ' ಬರೆದವರ ಅಭಿಪ್ರಾಯ. ಕೇವಲ, ಬರೋಬ್ಬರಿ, ದುರದೃಷ್ಟವಶಾತ್, ಹೆಮ್ಮೆಯ: ಇಂಥವು ಕಂಡಲ್ಲಿ ಸುತ್ತು ಹಾಕಿ. ಅವನ್ನು ತೆಗೆದು ಉಳಿದದ್ದನ್ನು ಓದಿ.

ಪ್ರಶಸ್ತಿಯ ವಿಷಯ ಸೂಕ್ಷ್ಮ. ಹಾಸನದ ಬಾನು ಮುಷ್ತಾಕ್ ಅವರಿಗೆ, ಅನುವಾದಕಿ ದೀಪಾ ಭಾಸ್ತಿ ಅವರ ಜೊತೆಗೆ, 2025ರ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದದ್ದು ಸಂಗತಿ. ಆ ವರ್ಷ ಪಟ್ಟಿಯಲ್ಲಿದ್ದ ಪುಸ್ತಕಗಳಲ್ಲಿ ಅವರ ಪುಸ್ತಕವೇ ಶ್ರೇಷ್ಠ ಎಂಬುದು ತೀರ್ಪುಗಾರರ ಅಭಿಪ್ರಾಯ. ಬಲ್ಲವರ ಅಭಿಪ್ರಾಯ, ತೂಕ ಇರುವಂಥದ್ದು. ಆದರೂ ಅಭಿಪ್ರಾಯ. ಎಲ್ಲ ಅಭಿಪ್ರಾಯವೂ ಒಂದೇ ತೂಕದ್ದಲ್ಲ ಎಂಬುದನ್ನು ಶಾಲೆಯಲ್ಲಿ ಹೇಳಿಕೊಡುವುದು ಕಡಿಮೆ.

ಎರಡರಲ್ಲೂ ಸೇರದ್ದು

ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು. ನಮ್ಮ ಕಡೆ ಈ ಕಥೆ ಗೊತ್ತಿಲ್ಲದವರಿಲ್ಲ. ಅದು ಅಭಿಪ್ರಾಯ ಅಲ್ಲ. ಸಂಗತಿ ಅನ್ನೋಣ ಅಂದರೆ ಬೀಜ ಎಣಿಸಿದವರು ಯಾರು? ಇದು ಐತಿಹ್ಯ. 'ಏಳು ಬೀಜ ತಂದರು ಎನ್ನುತ್ತಾರೆ' ಅಂತ ಬರೆದರೆ ಸರಿಯಾಯಿತು. ಏಕೆಂದರೆ ಜನ ಹಾಗೆ ಹೇಳುವುದಂತೂ ನಿಜ.

ಜಕಣಾಚಾರಿಯ ಕಥೆಯೂ ಹೀಗೇ. ಅಪ್ಪ ಕೆತ್ತಿದ ವಿಗ್ರಹದಲ್ಲಿ ಮಗ ದೋಷ ತೋರಿಸಿದ, ಕಲ್ಲಿನೊಳಗೆ ಕಪ್ಪೆ ಸಿಕ್ಕಿತು ಎಂಬ ಕಥೆ ಬೇಲೂರಿನಲ್ಲಿ ಇಂದಿಗೂ ನಡೆಯುತ್ತದೆ. ಆದರೆ ಅದೇ ದೇವಸ್ಥಾನದ ಮದನಿಕೆಯರ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ನಿಜವಾಗಿಯೂ ಇದ್ದರು, ಬೇರೆ ಹೆಸರಲ್ಲಿ. ಕಥೆ ಕೇಳಿ ಬರುವವರು ಸಾವಿರ, ತಲೆಯೆತ್ತಿ ಆ ಅಕ್ಷರ ನೋಡುವವರು ಬೆರಳೆಣಿಕೆ.

ಕೊನೆಗೆ ಎರಡನ್ನೂ ಸೇರಿಸಿ ಓದಿ

ಉದಾಹರಣೆಗೆ ಒಂದು ಪ್ಯಾರಾ ಕಟ್ಟಿದ್ದೇನೆ. ತೋಟದಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರು ಬರೆದದ್ದು ಅಂದುಕೊಳ್ಳಿ:

'ನಾನು 1962ರಲ್ಲಿ ಸಕಲೇಶಪುರದ ಹತ್ತಿರದ ಒಂದು ತೋಟಕ್ಕೆ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದೆ. ಆಗ ಮಳೆ ಈಗಿನದಕ್ಕಿಂತ ಜಾಸ್ತಿ. ಸಾಹುಕಾರರು ಬಹಳ ಒಳ್ಳೆಯವರು. ಶನಿವಾರದ ಬಟವಾಡೆ ಒಂದು ವಾರವೂ ತಪ್ಪಿಸಿದವರಲ್ಲ. ಮೊದಲ ರಾತ್ರಿ ಆಳುಗಳ ಲೈನ್ ಮನೆಯಲ್ಲಿ ಒಬ್ಬನೇ ಮಲಗಿದಾಗ ಭಯವಾಯಿತು.'

ಸೇರಿದ ವರ್ಷ ಸಂಗತಿ. ಮಳೆ ಜಾಸ್ತಿ ಎಂಬುದು ವಯಸ್ಸಾದವರ ಗೊಣಗಾಟದ ಹಾಗೆ ಕೇಳಿಸುತ್ತದೆ. ಆದರೆ ಅದೂ ಸಂಗತಿಯ ಮಾತೇ. ನಮ್ಮ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ಬರೆದಿಡುವ ಪದ್ಧತಿ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬಂತು, ಎಷ್ಟು ಬಂತು ಎಲ್ಲ ಅದರಲ್ಲಿರುತ್ತದೆ. ಆ ಪುಸ್ತಕ ಸಿಕ್ಕರೆ ಅಜ್ಜನ ಮಾತು ನಿಲ್ಲುತ್ತದೋ ಬೀಳುತ್ತದೋ ತಿಳಿಯುತ್ತದೆ. ಬಟವಾಡೆ ವಿಷಯವನ್ನೂ ತೋಟದ ಲೆಕ್ಕದಲ್ಲಿ ನೋಡಬಹುದು. 'ಸಾಹುಕಾರರು ಒಳ್ಳೆಯವರು' ಅಭಿಪ್ರಾಯ. ಭಯವಾಯಿತು ಎಂಬುದನ್ನು ಬೇರೆ ಯಾರೂ ನೋಡಿ ಹೇಳಲು ಆಗದು. ಅದು ಅವರ ಸಾಕ್ಷಿ, ಸಾಕ್ಷಿಯಾಗಿಯೇ ತೆಗೆದುಕೊಳ್ಳಬೇಕು.

ಈಗ ಇದನ್ನೇ ಮೊಮ್ಮಗಳು ಬರೆಯುತ್ತಾಳೆ: 'ತಾತ 1962ರಲ್ಲಿ ತೋಟಕ್ಕೆ ರೈಟರ್ ಆಗಿ ಸೇರಿದರು. ಸಾಹುಕಾರರು ಬಹಳ ಒಳ್ಳೆಯವರಾಗಿದ್ದರು.'

'ನಾನು' ಹೋಗಿ 'ತಾತ' ಬಂತು, ಜೀವನಚರಿತ್ರೆ ಆಯಿತು. ಆದರೆ ಇನ್ನೂ ಒಂದು ಬದಲಾವಣೆ ಆಗಿದೆ. ಒಳ್ಳೆಯವರು ಎಂದು ಈಗ ಹೇಳುತ್ತಿರುವವರು ಯಾರು? ತಾತನಾ, ಸಾಹುಕಾರರನ್ನು ಕಂಡೇ ಇರದ ಮೊಮ್ಮಗಳಾ? ಆತ್ಮಕಥೆಯಲ್ಲಿ ಅಭಿಪ್ರಾಯದ ಒಡೆಯ ಯಾರು ಅಂತ ಹುಡುಕುವ ಕಷ್ಟವಿಲ್ಲ, ಬರೆದವರದೇ. ಜೀವನಚರಿತ್ರೆಯಲ್ಲಿ ಒಡೆಯ ಕಳೆದುಹೋಗುತ್ತಾನೆ. ಒಡೆಯನಿಲ್ಲದ ಅಭಿಪ್ರಾಯ ನೋಡಲು ಸಂಗತಿಯ ಹಾಗೇ ಇರುತ್ತದೆ. ಜೀವನಚರಿತ್ರೆಯನ್ನು ಬೇರೆಯವರು ಬರೆದದ್ದು, ಆದ್ದರಿಂದ ಅದೇ ಜಾಸ್ತಿ ನಂಬಿಕೆಗೆ ಯೋಗ್ಯ ಎನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಮೊಮ್ಮಗಳು 'ಸಾಹುಕಾರರು ಒಳ್ಳೆಯವರು ಎಂದು ತಾತ ಹೇಳುತ್ತಿದ್ದರು' ಅಂತ ಬರೆದಿದ್ದರೆ ಸಾಕಿತ್ತು. ಅದೇ ಲೈನ್ ಮನೆಯಲ್ಲಿದ್ದ ಆಳುಗಳು ಏನು ಹೇಳುತ್ತಿದ್ದರು ಎಂಬ ಪ್ರಶ್ನೆಗೂ ಜಾಗ ಉಳಿಯುತ್ತಿತ್ತು.

ರಜೆಯಲ್ಲಿ ಇದನ್ನು ಮನೆಯಲ್ಲೇ ಮಾಡಿ ನೋಡಿ. ಅಜ್ಜಿಯನ್ನೋ ತಾತನನ್ನೋ ಕೂರಿಸಿಕೊಂಡು ಅರ್ಧ ಗಂಟೆ ಕೇಳಿ. ಒಂದು ಪುಟ ಅವರ ಬಾಯಲ್ಲಿ ಬರೆಯಿರಿ, ಒಂದು ಪುಟ ನಿಮ್ಮ ಬಾಯಲ್ಲಿ. ಹುಟ್ಟಿದ ತಾರೀಖಿನಲ್ಲೇ ಸಿಕ್ಕಿಬೀಳುತ್ತೀರಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದ ತಾರೀಖು ಒಂದಿರುತ್ತದೆ, ಆಧಾರ್ ಕಾರ್ಡಿಗೂ ಅದೇ ಹೋಗಿರುತ್ತದೆ. ಅಜ್ಜಿ ಮಾತ್ರ 'ಹೊಳೆ ತುಂಬಿ ಗದ್ದೆ ಕೊಚ್ಚಿಹೋದ ವರ್ಷ, ಶ್ರಾವಣದಲ್ಲಿ' ಅನ್ನುತ್ತಾರೆ. ಒಂದನ್ನು ಹೊಡೆದು ಹಾಕಬೇಡಿ. ಎರಡನ್ನೂ ಬರೆದು, ಯಾವುದು ಎಲ್ಲಿಂದ ಬಂತು ಅಂತ ಪಕ್ಕದಲ್ಲಿ ಗುರುತು ಮಾಡಿ. ಆಮೇಲೆ ಆ ನೆರೆ ಬಂದ ವರ್ಷ ಯಾವುದು ಅಂತ ಊರಿನ ಇನ್ನಿಬ್ಬರು ಹಿರಿಯರನ್ನು ಕೇಳಿ.