ಮಗನ ಫೈಲು, ತಾಯಿಯ ನಿದ್ದೆ

ಬಿಎಸ್ಸಿ ನರ್ಸಿಂಗ್‌ನಲ್ಲಿ ಮಾನಸಿಕ ಆರೋಗ್ಯ ಒಂದು ಪೇಪರು, ಸಮುದಾಯ ಆರೋಗ್ಯ ಇನ್ನೊಂದು, ಮ್ಯಾನೇಜ್‌ಮೆಂಟ್ ಮತ್ತು ಲೀಡರ್‌ಶಿಪ್ ಮತ್ತೊಂದು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ತಂದ ಸೆಮಿಸ್ಟರ್ ಪದ್ಧತಿಯಲ್ಲಿ ಇವು ಐದರಿಂದ ಏಳನೇ ಸೆಮಿಸ್ಟರಿನ ಒಳಗೆ ಹಂಚಿಹೋಗಿವೆ. ಪರೀಕ್ಷೆ ಬೇರೆ, ಪೋಸ್ಟಿಂಗ್ (ಪ್ರಾಯೋಗಿಕ ತರಬೇತಿ) ಬೇರೆ. ಆದರೆ ಕಾಸರಗೋಡಿನ ಒಳಗಿನ ಊರುಗಳಲ್ಲಿ ಒಂದು ಮನೆಯ ಜಗಲಿಯಲ್ಲಿ ಕೂತರೆ ಮೂರೂ ಒಟ್ಟಿಗೇ ಎದುರಾಗುತ್ತವೆ. ಅದಕ್ಕೇ ನಾನು ಒಂದೇ ಮನೆಯನ್ನು ಇಟ್ಟುಕೊಂಡು ಮೂರನ್ನೂ ಕಲಿಸಲು ಶುರು ಮಾಡಿದೆ. ಅದು ಹೇಗೆ ನಡೆಯಿತು ಅಂತ ಬರೆಯುತ್ತೇನೆ. ಮನೆಯವರ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಮೊದಲು ವಾರ್ಡಿನ ಮಾತು. ನಮ್ಮ ವಿದ್ಯಾರ್ಥಿ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಮಲಯಾಳ. ರೋಗಿಗಳು ಕನ್ನಡ, ತುಳು, ಬ್ಯಾರಿ, ಮಲಯಾಳ, ಯಾವುದನ್ನೂ ಮಾತಾಡಬಹುದು. ಎದೆನೋವಿಗೆ ಕೈಸನ್ನೆ ಸಾಕಾದೀತು, ಮನಸ್ಸಿನ ವಿಷಯಕ್ಕೆ ಸಾಕಾಗುವುದಿಲ್ಲ. ಹಾಗಾಗಿ ಕನ್ನಡ ಬಲ್ಲ ಒಬ್ಬಳು, ಮಲಯಾಳದ ಒಬ್ಬಳು, ಹೀಗೆ ಜೋಡಿ ಮಾಡಿ ಕಳಿಸುತ್ತೇನೆ. ಪ್ರೊಸೆಸ್ ರೆಕಾರ್ಡಿಂಗ್, ಅಂದರೆ ರೋಗಿಯೊಂದಿಗಿನ ಮಾತುಕತೆಯ ದಾಖಲೆ, ಬರೆಯುವಾಗ ರೋಗಿ ಯಾವ ಭಾಷೆಯಲ್ಲಿ ಹೇಳಿದರೋ ಅದೇ ಭಾಷೆಯಲ್ಲಿ, ಅವರು ಹೇಳಿದ ಹಾಗೇ ಬರೆಯಬೇಕು. ಅದೂ ಮಾತು ಮುಗಿಸಿ ಹೊರಗೆ ಬಂದ ಮೇಲೆ. ಎದುರಿಗೇ ಪೆನ್ನು ಹಿಡಿದರೆ ಅವರ ಬಾಯಿ ಕಟ್ಟಿಹೋಗುತ್ತದೆ.

ಮಾನಸಿಕ ಸ್ಥಿತಿ ಪರೀಕ್ಷೆಯಲ್ಲೂ ಅಷ್ಟೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂತ ಶಾಲೆಯ ಮುಖ ನೋಡದ ಅಜ್ಜಿಗೆ ಹೇಳಿದರೆ ಅವರ ಏಕಾಗ್ರತೆ ಗೊತ್ತಾಗುವುದಿಲ್ಲ, ಶಾಲೆಗೆ ಹೋಗಿಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ. ಅದರ ಬದಲು ಅಂಗಡಿ ಲೆಕ್ಕ ಕೇಳಿ: ನೂರು ರೂಪಾಯಿ ಕೊಟ್ಟು ಮೂವತ್ತೈದರ ಸಾಮಾನು ತಂದರೆ ಚಿಲ್ಲರೆ ಎಷ್ಟು? ಅಡಿಕೆ ಮಾರಿ ಬದುಕಿದವರು ತಟ್ಟನೆ ಹೇಳುತ್ತಾರೆ. ಹೇಳದಿದ್ದರೆ ಆಗ ಯೋಚಿಸುವ ವಿಷಯ.

ಇನ್ನು ಆ ಮನೆ. ಎಣ್ಮಕಜೆ ಕಡೆಯದು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದ್ದು ಎಲ್ಲರಿಗೂ ಗೊತ್ತಿದೆ. ಆ ಕಾಲದಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳಿಗೆ ಈಗ ಮೂವತ್ತು, ನಲವತ್ತು ವರ್ಷ. ಅವರನ್ನು ಎತ್ತಿ, ಉಣಿಸಿ, ತೊಳೆದು ನೋಡಿಕೊಳ್ಳುವ ತಾಯಂದಿರಿಗೆ ಅರುವತ್ತು ದಾಟಿದೆ. ಈ ಮಾತು ನಮ್ಮ ಪಠ್ಯದಲ್ಲಿ ಇಲ್ಲ. ಇರಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಕೇರಳದಲ್ಲಿ 2008ರಲ್ಲಿ ಪಾಲಿಯೇಟಿವ್ (ದೀರ್ಘಕಾಲದ, ಗುಣವಾಗದ ಕಾಯಿಲೆಯವರ ಆರೈಕೆ) ನೀತಿ ಬಂದ ಮೇಲೆ ಪಂಚಾಯತಿನ ನರ್ಸ್ ಜೀಪಿನಲ್ಲಿ ಮನೆಮನೆಗೆ ಹೋಗುವ ವ್ಯವಸ್ಥೆ ಗಟ್ಟಿಯಾಗಿದೆ. ನಾವು ಅವರ ಜೊತೆಗೇ ಹೋದೆವು. ಫೈಲು ಮಗನದ್ದು. ಹಾಸಿಗೆ ಹಿಡಿದವನು, ಅಪಸ್ಮಾರವೂ ಇದೆ. ಮಕ್ಕಳು ಬ್ಯಾಗ್ ಇಡುವ ಜಾಗಕ್ಕೆ ಪೇಪರ್ ಹಾಸಿ, ಕೈ ತೊಳೆದು, ಬೆನ್ನು ಸೊಂಟ ತಿರುಗಿಸಿ ಹುಣ್ಣು ಇದೆಯಾ ಅಂತ ನೋಡಿದರು. ಒಂದು ಸಣ್ಣ ಕೆಂಪು ಗುರುತೂ ಇರಲಿಲ್ಲ. ಅಷ್ಟು ಚೆನ್ನಾಗಿ ನೋಡಿಕೊಂಡಿದ್ದರು ಆ ತಾಯಿ.

ವಿದ್ಯಾರ್ಥಿನಿಯೊಬ್ಬಳು ಅವರನ್ನು ಕೇಳಿದಳು, "ಅಮ್ಮ, ನಿಮಗೆ ರಾತ್ರಿ ನಿದ್ದೆ ಬರ್ತದಾ?"

"ನನ್ನದೆಂತ ನೋಡುದು ಮಗಾ, ಅವನದ್ದು ನೋಡಿ ಸಾಕು."

ಹುಡುಗಿ ಬಿಡಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ತಾಯಿ ಹಿತ್ತಲಿನಲ್ಲಿ ಬಟ್ಟೆ ಹಿಂಡುವಾಗ ಪಕ್ಕದಲ್ಲಿ ನಿಂತಳು. ಒಗೆದ ಬಟ್ಟೆ ಹರವುತ್ತಾ ತಾಯಿ ತಾವಾಗಿಯೇ ಮಾತು ತೆಗೆದರು. ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಊಟ ರುಚಿಸುವುದಿಲ್ಲ, ಯಾರ ಮನೆಯ ಮದುವೆಗೂ ಹೋಗದೆ ಎಷ್ಟೋ ಕಾಲವಾಯಿತು. "ನಾನು ಹೋದರೆ ಇವನಿಗೆ ಯಾರು?" ಅನ್ನುವುದನ್ನು ಮತ್ತೆ ಮತ್ತೆ ಹೇಳಿದರು.

ಅವರ ಒಪ್ಪಿಗೆ ಕೇಳಿಯೇ ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯು-9 ತೆಗೆದೆವು. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಸ್ಥಿತಿ, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಅಥವಾ ಜಾಸ್ತಿ ಬಂದರೆ ವೈದ್ಯರು ನೋಡಲೇಬೇಕು. ಇವರದ್ದು ಹತ್ತು ದಾಟಿತು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದ್ದು. ಅದನ್ನು ಕೇಳಲು ಮಕ್ಕಳಿಗೆ ಹೆದರಿಕೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಅಂತ. ಹಾಗೆ ಹುಟ್ಟುವುದಿಲ್ಲ. ಯಾರಾದರೂ ಕೇಳಿದರಲ್ಲ ಅಂತ ಹೆಚ್ಚಿನವರಿಗೆ ಹಗುರಾಗುತ್ತದೆ. ಹಾಗಾಗಿ ಈ ಪ್ರಶ್ನೆಯನ್ನು ತರಗತಿಯಲ್ಲಿ ಒಬ್ಬರಿಗೊಬ್ಬರು ಜೋರಾಗಿ ಕೇಳಿ ಅಭ್ಯಾಸ ಮಾಡಿಸುತ್ತೇನೆ, ನಾಲಿಗೆ ತಡವರಿಸದೆ ಬರುವವರೆಗೆ. ತಾಯಿ "ಒಮ್ಮೊಮ್ಮೆ ಇಬ್ಬರೂ ಒಟ್ಟಿಗೆ ಹೋದರೆ ಒಳ್ಳೆಯದಿತ್ತು ಅನ್ನಿಸ್ತದೆ" ಅಂದರು. ಹೇಗೆ ಅಂತ ಏನಾದರೂ ಯೋಚಿಸಿದ್ದೀರಾ, ಮನೆಯಲ್ಲಿ ವಿಷ, ಔಷಧಿ ಎಲ್ಲಿದೆ ಅಂತಲೂ ಕೇಳಿದೆವು. ಹಾಗೆಲ್ಲ ಯೋಚಿಸಿರಲಿಲ್ಲ. ಆದರೂ ಮಗನ ಅಪಸ್ಮಾರದ ಮಾತ್ರೆಗಳನ್ನು ವಾರಕ್ಕೆ ಬೇಕಾದಷ್ಟು ಮಾತ್ರ ಮನೆಯಲ್ಲಿಟ್ಟು, ಉಳಿದದ್ದನ್ನು ಪಾಲಿಯೇಟಿವ್ ನರ್ಸ್ ಕೈಗೆ ಕೊಡುವುದಾಗಿ ಅವರೂ ಒಪ್ಪಿದರು.

ಇಲ್ಲಿಂದ ಲೀಡರ್‌ಶಿಪ್ ಪಾಠ. ಗುಂಪಿನಲ್ಲಿ ಪ್ರತಿ ವಾರ ಒಬ್ಬರು ಟೀಮ್ ಲೀಡರ್. ನಾನು ಹಿಂದೆ ನಿಲ್ಲುತ್ತೇನೆ, ಜೀವಕ್ಕೆ ಅಪಾಯ ಕಂಡರೆ ಮಾತ್ರ ಮುಂದೆ ಬರುತ್ತೇನೆ. ಆ ವಾರದ ಲೀಡರ್ ಅಂಗಳದಲ್ಲೇ ನಿಂತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನ್ ಮಾಡಿದಳು. ರೋಗಿಯ ವಿಷಯ ಒಪ್ಪಿಸುವ ಐಸ್‌ಬಾರ್ ಕ್ರಮದಲ್ಲೇ ಹೇಳಿದಳು: ತಾನು ಯಾರು, ರೋಗಿ ಯಾರು, ಈಗ ಏನಾಗಿದೆ, ಹಿಂದೆ ಏನಿತ್ತು, ನಾವು ಕಂಡದ್ದೇನು, ನಿಮ್ಮಿಂದ ಏನು ಬೇಕು. ಕೊನೆಯದ್ದನ್ನು ಮಕ್ಕಳು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ಇವಳು ನೇರವಾಗಿ "ಇವತ್ತೇ ಒಮ್ಮೆ ನೋಡಬೇಕು ಸಾರ್, ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಮುಂದಿನ ಕ್ಲಿನಿಕ್ಕಿಗೂ ಹೆಸರು ಬರೆಸಬೇಕು" ಅಂದಳು.

ಆದರೆ ತಾಯಿ ಹೊರಡಬೇಕಾದರೆ ಮಗನ ಹತ್ತಿರ ಯಾರಿರಬೇಕು? ಇಷ್ಟು ದಿನ ಅವರು ತಮಗೆ ಮದ್ದು ಮಾಡಿಕೊಳ್ಳದೆ ಇದ್ದದ್ದಕ್ಕೆ ಕಾರಣ ಇದೇ. ನಾಚಿಕೆಯಾಗಲಿ ಅಜ್ಞಾನವಾಗಲಿ ಅಲ್ಲ. ಬೌದ್ಧಿಕ ಅಂಗವೈಕಲ್ಯ ಇರುವವರ ಬಡ್ಸ್ ಶಾಲೆಗೆ ಕಳಿಸುವಂತಿಲ್ಲ, ಅವನು ಏಳುವುದೇ ಇಲ್ಲ. ಆಶಾ ಅಕ್ಕನಿಗೆ ಆ ದಿನ ಬೇರೆ ಡ್ಯೂಟಿ. ಲೀಡರ್ ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರಲ್ಲಿ ಕೇಳಿದಳು. ಒಬ್ಬರು ಒಪ್ಪಿದರು, ಆದರೆ ಫಿಟ್ಸ್ ಬಂದರೆ ಏನು ಮಾಡುವುದು ಅಂತ ಭಯ. ಮಕ್ಕಳು ಅಲ್ಲೇ ಕಲಿಸಿದರು. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಯಲ್ಲಿ ಕಬ್ಬಿಣ ಕೊಡಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ತಲೆ ಎತ್ತರಿಸಿ ಗಂಜಿ ಕುಡಿಸುವುದನ್ನು ತಾಯಿಯೇ ತೋರಿಸಿಕೊಟ್ಟರು. ಆಗ ಅವರ ಸ್ವರ ಗಟ್ಟಿಯಾಗಿತ್ತು. ಕೈಯಲ್ಲಿ ಅಷ್ಟು ವಿದ್ಯೆ ಇದ್ದವರು ಅವರು.

ಆಮೇಲಿನದ್ದು ಬೇಗ ಹೇಳುತ್ತೇನೆ. ವೈದ್ಯರು ಖಿನ್ನತೆಯ ಮಾತ್ರೆ ಬರೆದರು. ಇದು ತಲೆನೋವಿನ ಮಾತ್ರೆಯ ಹಾಗಲ್ಲ, ಪರಿಣಾಮ ಕಾಣಲು ಎರಡು ವಾರಕ್ಕಿಂತ ಹೆಚ್ಚೂ ಬೇಕಾಗಬಹುದು, ನಡುವೆ ನಿಲ್ಲಿಸಬೇಡಿ ಅಂತ ಮಕ್ಕಳು ಪ್ರತಿ ಭೇಟಿಯಲ್ಲೂ ಹೇಳಿದರು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಮಗನ ಮಾತ್ರೆಯ ತಾರೀಕು ಬರೆಯುವ ಜಾಗದಲ್ಲೇ ದೊಡ್ಡದಾಗಿ ಬರೆದರು. ದಿನದ ಯಾವ ಹೊತ್ತಿಗೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಮದ್ದಿಗೆ ಕರ್ನಾಟಕದ ಗಡಿಯ ಈಚೆಗೇ, ಕೇರಳದಲ್ಲೇ, ಒಂದು ದಾರಿ ಇರಲಿ ಅಂತ ನಾನು ಹಟ ಹಿಡಿಯುತ್ತೇನೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದವರು ಪಟ್ಟ ಪಾಡು ಇಲ್ಲಿ ಯಾರೂ ಮರೆತಿಲ್ಲ.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ತಾಯಿಯ ಹೆಸರಿನಲ್ಲಿ ಬೇರೆ ಫೈಲು ತೆರೆದದ್ದು. ಮಗನ ಫೈಲಿನ ಮೂಲೆಯಲ್ಲಿ "ತಾಯಿಗೆ ನಿದ್ದೆ ಇಲ್ಲ" ಅಂತ ಬರೆದಿಟ್ಟರೆ ಮುಂದಿನ ಬ್ಯಾಚಿನವರು ಅದನ್ನು ಓದುವುದಿಲ್ಲ. ಬೇರೆ ಫೈಲು ಇದ್ದರೆ ಅವರ ಬಿಪಿ, ತೂಕ, ಪಿಎಚ್‌ಕ್ಯು ಅಂಕ ಎಲ್ಲ ನೋಡಲೇಬೇಕಾಗುತ್ತದೆ. ಅವರ ಮಾತು ಅವರ ಫೈಲಿನಲ್ಲೇ ಗುಟ್ಟಾಗಿಯೂ ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಗೋಪ್ಯತೆಯ ಹಕ್ಕನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದು ನಿಜವಾಗಿ ಏನು ಅಂತ ಗೊತ್ತಾಗುವುದು, ನೆರೆಮನೆಯವರು "ಅವರಿಗೆಂತ ಆಗಿದೆ?" ಅಂತ ಕೇಳಿದಾಗ ಉತ್ತರ ಕೊಡದೆ ಬರುವಾಗ.

ಈಗ ಪೋಸ್ಟಿಂಗ್ ಮುಗಿಯುವ ಮೊದಲು ಹಳೇ ಲೀಡರ್ ಹೊಸ ಲೀಡರನ್ನು ಮನೆಗೇ ಕರೆದುಕೊಂಡು ಹೋಗಿ, ತಾಯಿಯ ಎದುರಿಗೇ ಜವಾಬ್ದಾರಿ ವಹಿಸಿಕೊಡಬೇಕು ಅಂತ ನಿಯಮ ಮಾಡಿದ್ದೇನೆ. ಅದಕ್ಕೂ ಅಂಕ ಇದೆ. ತಾಯಿಗೆ ಈಗ ಹೆಚ್ಚಿನ ದಿನ ಬೆಳಗಿನ ಐದರವರೆಗೆ ನಿದ್ದೆ ಬರುತ್ತದೆ. ಪಕ್ಕದ ಮನೆಯವರು ಕ್ಲಿನಿಕ್ಕಿನ ದಿನ ಬಂದು ಕೂರುತ್ತಾರೆ. ಮದುವೆ ಮನೆಗಳಿಗೆ ಹೋಗುವುದು ಇನ್ನೂ ಶುರುವಾಗಿಲ್ಲ. ಈ ಬ್ಯಾಚಿನವರು ಅದಕ್ಕೆ ಬೇಕಾದ ಅರ್ಧ ದಿನವನ್ನು ಹೊಂದಿಸಲು ನೋಡುತ್ತಿದ್ದಾರೆ.