ಆರಡಿ ಹಲಗೆಯ ಮೇಲೆ ಶಂಟಿಂಗ್ ಯಾರ್ಡ್: ಮನೆಯಲ್ಲಿ ಮಾದರಿ ರೈಲು ಕಟ್ಟುವುದು, ಬೆಳೆಸುವುದು

ಮಾದರಿ ರೈಲಿಗೆ ಕೈಹಾಕುವ ಹೆಚ್ಚಿನವರು ಮೊದಲು ಇಂಜಿನ್ ಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಹಳಿ ಹುಡುಕುತ್ತಾರೆ. ಈ ಕ್ರಮ ತಲೆಕೆಳಗು. ಹಳಿ ಮತ್ತು ತಂತಿ ನೆಟ್ಟಗಿದ್ದರೆ ಸಾಧಾರಣ ಇಂಜಿನ್ನೂ ನಯವಾಗಿ ಓಡುತ್ತದೆ. ಅವೇ ಸರಿಯಿಲ್ಲದಿದ್ದರೆ ದುಬಾರಿ ಇಂಜಿನ್ನೂ ಪಾಯಿಂಟ್ಸ್ (ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗ) ಮೇಲೆ ನಿಂತುಬಿಡುತ್ತದೆ. ಹಾಗಾಗಿ ಕೈಯಲ್ಲಿರುವ ದುಡ್ಡಿನ ಮೊದಲ ಪಾಲು ಹಳಿ, ಪಾಯಿಂಟ್ಸ್ ಮತ್ತು ಬೆಸುಗೆ ಸಾಮಾನಿಗೆ ಹೋಗಲಿ.

ಯಾವ ಅಳತೆ?

ಸುಲಭವಾಗಿ ಸಿಗುವ ಅಳತೆಗಳು ಎರಡು. ಎಚ್‌ಒ ಅಂದರೆ ಅಸಲಿಯ 87ನೇ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿ.ಮೀ. ಎನ್ ಅಂದರೆ 160ನೇ ಒಂದು ಪಾಲು, ಅಂತರ 9 ಮಿ.ಮೀ. ಎನ್‌ಗೆ ಕಡಿಮೆ ಜಾಗ ಸಾಕು, ಆದರೆ ಅದರ ಚಕ್ರ, ಕೊಕ್ಕೆಗಳು ಬಹಳ ಸಣ್ಣವು. ಧೂಳಿನ ಮನೆಯಲ್ಲಿ ಬೇಗ ಕಾಟ ಕೊಡುತ್ತವೆ. ಮೊದಲ ಸಲಕ್ಕೆ ಎಚ್‌ಒ ಒಳ್ಳೆಯದು.

ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂದರೆ ಭಾರತೀಯ ರೈಲ್ವೆಯ ಎಚ್‌ಒ ಮಾದರಿಗಳು ಸುಮಾರು 3 ಮಿ.ಮೀ. ಕಿರಿದಾದ ಹಳಿಯ ಮೇಲೆ ಓಡುತ್ತವೆ. ಇಂಜಿನ್ನನ್ನು ಎದುರಿನಿಂದ ನೋಡಿದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ, ಸಹಿಸಿಕೊಳ್ಳಬಹುದು. ತಮಾಷೆಯೆಂದರೆ, ಎಚ್‌ಒ ಹಳಿಗೆ ಕರಾರುವಾಕ್ಕಾಗಿ ಹೊಂದುವುದು ನಮ್ಮ ಮೆಟ್ರೊ: ಅದರ 1435 ಮಿ.ಮೀ. ಗೇಜನ್ನು 87ರಿಂದ ಭಾಗಿಸಿದರೆ ಸರಿಯಾಗಿ 16.5.

ಉದ್ದದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮ್ ಎಚ್‌ಒನಲ್ಲಿ 17 ಮೀಟರ್ ದಾಟುತ್ತದೆ, ಯಾವ ಫ್ಲ್ಯಾಟಿನ ಹಾಲ್‌ಗೂ ಅದು ಹಿಡಿಸದು. ಹಳೆಯ ಬಗೆಯ ಐಸಿಎಫ್ ಕೋಚ್ ಒಂದೇ ಸುಮಾರು 24.5 ಸೆಂ.ಮೀ., ಹೊಸ ಬಗೆಯ ಎಲ್‌ಎಚ್‌ಬಿ ಕೋಚ್ 27 ಸೆಂ.ಮೀ. ತಿರುವಿನ ತ್ರಿಜ್ಯ ಕೋಚಿನ ಉದ್ದದ ಎರಡೂವರೆ ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ಉದ್ದದ ಕೋಚ್‌ಗಳು ಒಂದನ್ನೊಂದು ಹಳಿಯಿಂದ ಎಳೆದು ಬೀಳಿಸುತ್ತವೆ. ಹಾಗೆ ನೋಡಿದರೆ ಐಸಿಎಫ್‌ಗೆ 61 ಸೆಂ.ಮೀ., ಎಲ್‌ಎಚ್‌ಬಿಗೆ 67 ಸೆಂ.ಮೀ. ತ್ರಿಜ್ಯ ಬೇಕು. 8×4 ಅಡಿ ಪ್ಲೈವುಡ್ ಮೇಲೆ ಅಂಚು ಬಿಟ್ಟು ಸಿಗುವುದು ಹೆಚ್ಚೆಂದರೆ 56. ಪೆಟ್ಟಿಗೆ ಸೆಟ್‌ಗಳಲ್ಲಿ ಬರುವ ತಿರುವುಗಳಂತೂ ಬಹುಮಟ್ಟಿಗೆ 46 ಸೆಂ.ಮೀ.ನವು. ಅದೇ ಬಾಕ್ಸ್‌ಎನ್ ಗೂಡ್ಸ್ ವ್ಯಾಗನ್ 12.3 ಸೆಂ.ಮೀ. ಮಾತ್ರ, ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತದೆ. ಪ್ಯಾಸೆಂಜರ್ ರೈಲಿನ ಆಸೆ ಸ್ವಲ್ಪ ಕಾಲ ಬದಿಗಿಟ್ಟು, ವ್ಯಾಗನ್‌ಗಳನ್ನು ಹಿಂದೆ-ಮುಂದೆ ಸರಿಸಿ ಜೋಡಿಸುವ, ಅಂದರೆ ಶಂಟಿಂಗ್ ಮಾಡುವ, ಗೂಡ್ಸ್ ಯಾರ್ಡಿನಿಂದ ಶುರುಮಾಡಿ.

ಮೊದಲ ಯೋಜನೆ: ಇಂಗಲ್‌ನೂಕ್

ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ಇಂಗಲ್‌ನೂಕ್ ಸೈಡಿಂಗ್ಸ್ ಎಂಬ ನಕ್ಷೆಗೆ ಎರಡೇ ಪಾಯಿಂಟ್ಸ್ ಸಾಕು. ಒಂದು ಹಳಿಯಲ್ಲಿ 5 ವ್ಯಾಗನ್, ಉಳಿದೆರಡರಲ್ಲಿ ತಲಾ 3 ಹಿಡಿಸಬೇಕು. ಇಂಜಿನ್ ಹಿಂದೆ-ಮುಂದೆ ಹೋಗುವ ಹಳಿಯಲ್ಲಿ ಇಂಜಿನ್ ಜೊತೆ 3 ವ್ಯಾಗನ್ ಮಾತ್ರ ನಿಲ್ಲಬೇಕು. ಒಟ್ಟು 8 ವ್ಯಾಗನ್‌ಗಳಿಗೆ ಚೀಟಿ ಬರೆದು ಐದನ್ನು ಎತ್ತಿ, ಅದೇ ಅನುಕ್ರಮದಲ್ಲಿ ಐದರ ಹಳಿಯಲ್ಲಿ ರೈಲು ಜೋಡಿಸುವುದೇ ಆಟ. ಸಾಧ್ಯವಿರುವ ಅನುಕ್ರಮಗಳು 6720, ಬೇಜಾರಾಗುವ ಮಾತಿಲ್ಲ. ವೃತ್ತಾಕಾರದ ಹಳಿಯಲ್ಲಿ ರೈಲು ಸುತ್ತುವುದನ್ನು ನೋಡುತ್ತ ಕೂರುವುದು ಎರಡು ವಾರಕ್ಕೆ ಸಾಕಾಗುತ್ತದೆ.

ಲೆಕ್ಕ ಹೀಗಿದೆ. ಡಬ್ಲ್ಯೂಡಿಎಂ-3ಎ ಡೀಸೆಲ್ ಇಂಜಿನ್ ಸುಮಾರು 20 ಸೆಂ.ಮೀ., ಮೂರು ವ್ಯಾಗನ್ 37 ಸೆಂ.ಮೀ.; ಶಂಟಿಂಗ್ ಹಳಿ 57–58 ಸೆಂ.ಮೀ. ಮಧ್ಯಮ ಗಾತ್ರದ ಪಾಯಿಂಟ್ಸ್ ಒಂದೊಂದು 22 ಸೆಂ.ಮೀ. ಐದು ವ್ಯಾಗನ್‌ಗೆ 62 ಸೆಂ.ಮೀ. ಪಕ್ಕದ ಹಳಿಯ ವ್ಯಾಗನ್‌ಗೆ ತಾಗದಂತೆ ಬಿಡುವ ಜಾಗ ಸೇರಿಸಿದರೂ ಒಂದೂವರೆ ಮೀಟರ್ ಚಿಲ್ಲರೆ. ಆರಡಿ ಉದ್ದ, ಒಂದಡಿ ಅಗಲದ ಹಲಗೆ ಧಾರಾಳ. ಕೊಳ್ಳಬೇಕಾದದ್ದು: 914 ಮಿ.ಮೀ.ನ ಬಾಗುವ ಹಳಿ 3 ತುಂಡು, ಎಡಕ್ಕೆ ತಿರುಗುವ ಪಾಯಿಂಟ್ಸ್ 1, ಬಲಕ್ಕೆ ತಿರುಗುವುದು 1, ಹಳಿಗಳ ತುದಿ ಜೋಡಿಸುವ ಲೋಹದ ಮತ್ತು ಪ್ಲಾಸ್ಟಿಕ್ ಜಾಯಿನರ್‌ಗಳ ತಲಾ ಒಂದು ಪ್ಯಾಕೆಟ್. ಹಳಿ ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದ್ದೇ ಇರಲಿ. ಹಿತ್ತಾಳೆ ಹಳಿ ಅಗ್ಗ, ಆದರೆ ಅದರ ಮೇಲೆ ಕಟ್ಟುವ ಕಿಲುಬಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ.

ಹಲಗೆ

12 ಮಿ.ಮೀ. ಪ್ಲೈವುಡ್, ಕೆಳಗೆ ಮೂರಿಂಚು ಅಗಲದ ಪಟ್ಟಿಗಳ ಚೌಕಟ್ಟು, ಪ್ರತಿ 40 ಸೆಂ.ಮೀ.ಗೆ ಒಂದು ಅಡ್ಡಪಟ್ಟಿ. ಕರಾವಳಿ, ಮಲೆನಾಡಿನವರು ನೀರು ತಡೆಯುವ ಬಿಡಬ್ಲ್ಯೂಪಿ ದರ್ಜೆಯದನ್ನೇ ತರುವುದು ಲೇಸು. ಮೇಲೆ, ಕೆಳಗೆ, ಅಂಚಿಗೆ ಎಲ್ಲ ಕಡೆಗೂ ಬಣ್ಣ ಬಳಿಯಿರಿ. ಒಂದೇ ಮೈಗೆ ಬಳಿದರೆ ಇನ್ನೊಂದು ಮೈ ತೇವ ಹೀರಿ ಹಲಗೆ ಬಾಗುತ್ತದೆ. ಮಳೆಗಾಲದಲ್ಲಿ ಕೂರಿಸಿದ ಹಳಿ ಮಾರ್ಚ್‌ನಲ್ಲಿ ಉಬ್ಬಿ ಏಳುವುದಕ್ಕೆ ಬಿಸಿಲಿಗಿಂತ ಒಣಗಿ ಕುಗ್ಗಿದ ಮರವೇ ದೊಡ್ಡ ಕಾರಣ. ಹಾಗಾಗಿ ಜೋಡಣೆಗಳಲ್ಲಿ ಅರ್ಧ ಮಿಲಿಮೀಟರ್, ಅಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸಂದು ಬಿಡಿ.

ಹಳಿಯ ಅಡಿಗೆ 3 ಮಿ.ಮೀ. ಕಾರ್ಕ್ ಅಥವಾ ಇವಿಎ ಫೋಮ್ ಹಾಳೆ ಹಾಕಿದರೆ ಸದ್ದು ಕಡಿಮೆ. ಗುಡ್ಡ ಮಾಡಲು ಥರ್ಮಾಕೋಲ್ ಬಳಸುವುದಾದರೆ ಎರಡು ಎಚ್ಚರ: ರಬ್ಬರ್ ಗಮ್ ಅದನ್ನು ಕರಗಿಸುತ್ತದೆ, ಆದ್ದರಿಂದ ಬಿಳಿ ಫೆವಿಕಾಲ್ ಮಾತ್ರ ಹಚ್ಚಿ, ಪಿವಿಸಿ ಹೊದಿಕೆಯ ತಂತಿ ಅದಕ್ಕೆ ತಾಗಿಕೊಂಡಿದ್ದರೆ ಹೊದಿಕೆಯೂ ಥರ್ಮಾಕೋಲೂ ವರ್ಷಗಳಲ್ಲಿ ಹಾಳಾಗುತ್ತವೆ.

ತಂತಿ ಮತ್ತು ಬೆಸುಗೆ

ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ. ಲೋಹದ ಜಾಯಿನರ್ ಹಳಿಗಳನ್ನು ಸಾಲಾಗಿ ಹಿಡಿಯುತ್ತದೆ, ಸರಿ. ಅದರ ಮೂಲಕವೇ ವಿದ್ಯುತ್ತೂ ಹರಿಯಲಿ ಎಂದು ನಂಬಿದರೆ ಆರು ತಿಂಗಳಲ್ಲಿ ಧೂಳು ಕೂತು ಇಂಜಿನ್ ಮುಗ್ಗರಿಸುತ್ತದೆ. ಹಲಗೆಯ ಕೆಳಗೆ ಉದ್ದಕ್ಕೂ 1.5 ಚದರ ಮಿ.ಮೀ.ನ ಮನೆ ವೈರಿಂಗ್ ತಂತಿ ಕೆಂಪು ಒಂದು, ಕಪ್ಪು ಒಂದು ಎಳೆಯಿರಿ. ಅದರಿಂದ ಪ್ರತಿ ಹಳಿ ತುಂಡಿಗೂ 0.5 ಚದರ ಮಿ.ಮೀ.ನ ತಂತಿ ಬೆಸೆಯಿರಿ. ಆಚೆ ಬದಿಯ ಹಳಿ ಕೆಂಪು, ಈಚೆ ಬದಿಯದು ಕಪ್ಪು ಎಂದು ಗೊತ್ತುಮಾಡಿಕೊಂಡು ಎಲ್ಲೂ ತಪ್ಪಬೇಡಿ.

ಬೆಸುಗೆಗೆ 25 ವ್ಯಾಟ್ ಕಡ್ಡಿ ಸಾಲದು. ಅದು ನಿಧಾನವಾಗಿ ಕಾಯಿಸುವಷ್ಟರಲ್ಲಿ ಹಳಿಯ ಅಡಿಯ ಪ್ಲಾಸ್ಟಿಕ್ ಅಡ್ಡಪಟ್ಟಿ (ಸ್ಲೀಪರ್) ಕರಗಿರುತ್ತದೆ. 50–60 ವ್ಯಾಟ್‌ನದು ಹಿಡಿದು, ಹಳಿಯ ಹೊರಮೈಯನ್ನು ಉಜ್ಜಿ, ಬೆಸುಗೆ ಹಿಡಿಯಲು ನೆರವಾಗುವ ರೆಸಿನ್ ಫ್ಲಕ್ಸ್ ಹಚ್ಚಿ, ಎರಡು-ಮೂರು ಸೆಕೆಂಡಿನಲ್ಲಿ ಮುಗಿಸಿ. ಎರಡೂ ಪಕ್ಕ ಒದ್ದೆ ಬಟ್ಟೆ ಇಟ್ಟರೆ ಶಾಖ ಅಲ್ಲೇ ನಿಲ್ಲುತ್ತದೆ. ಆಸಿಡ್ ಫ್ಲಕ್ಸ್ ಬೇಡವೇ ಬೇಡ, ಮಳೆಗಾಲ ಕಳೆಯುವಷ್ಟರಲ್ಲಿ ಬೆಸುಗೆ ಹಸಿರಾಗಿರುತ್ತದೆ.

ಪಾಯಿಂಟ್ಸ್‌ನಲ್ಲಿ ಹಳಿಗಳು ಸೇರುವ ವಿ ಆಕಾರದ ತುಂಡಿಗೆ ಫ್ರಾಗ್ ಎನ್ನುತ್ತಾರೆ. ಅದು ಪ್ಲಾಸ್ಟಿಕ್ ಆಗಿದ್ದರೆ ತಂತಿ ಕೆಲಸ ಸುಲಭ, ಆದರೆ ಗಿಡ್ಡ ಶಂಟಿಂಗ್ ಇಂಜಿನ್ ಅದರ ಮೇಲೆ ವಿದ್ಯುತ್ ಕಳೆದುಕೊಂಡು ನಿಲ್ಲುತ್ತದೆ. ಲೋಹದ್ದಾಗಿದ್ದರೆ ನಿಲ್ಲುವುದಿಲ್ಲ, ಆದರೆ ಫ್ರಾಗ್‌ನಿಂದ ಮುಂದೆ ಹೊರಡುವ ಎರಡು ಒಳ ಹಳಿಗಳಿಗೂ ಪ್ಲಾಸ್ಟಿಕ್ ಜಾಯಿನರ್ ಹಾಕಬೇಕು. ಮರೆತರೆ ಶಾರ್ಟ್ ಖಚಿತ. ಶಂಟಿಂಗ್ ಯಾರ್ಡಿನಲ್ಲಿ ನಿಧಾನವೇ ಚೆಂದ, ಆದ್ದರಿಂದ ಲೋಹದ ಫ್ರಾಗ್ ಆರಿಸಿಕೊಳ್ಳಿ.

ಶುರುವಿಗೆ 12 ವೋಲ್ಟ್, 1 ಆಂಪಿಯರ್ ಡಿಸಿ ಕಂಟ್ರೋಲರ್ ಸಾಕು. 230 ವೋಲ್ಟಿನ ಕಡೆ ಕೈಹಾಕದೆ ಬಿಐಎಸ್ ಗುರುತಿನ ಸಿದ್ಧ ಅಡಾಪ್ಟರ್ ಬಳಸಿ.

ವ್ಯಾಗನ್ ಹಳಿ ತಪ್ಪಿದರೆ

ಮೊದಲು ತೂಕ ನೋಡಿ. ಅಮೆರಿಕದ ಎನ್‌ಎಂಆರ್‌ಎ ಸಂಘದ ಸೂತ್ರದಂತೆ ಎಚ್‌ಒ ವ್ಯಾಗನ್‌ಗೆ 28 ಗ್ರಾಂ, ಮೇಲೆ ಪ್ರತಿ ಇಂಚಿಗೆ 14 ಗ್ರಾಂ ಇರಬೇಕು. 12.3 ಸೆಂ.ಮೀ. ವ್ಯಾಗನ್‌ಗೆ ಇದು 95–100 ಗ್ರಾಂ. ಕಡಿಮೆಯಿದ್ದರೆ ನಟ್ಟು, ಸೀಸದ ಚೂರು ಅಂಟಿಸಿ, ಆದಷ್ಟು ಕೆಳಗೆ. ಆಮೇಲೆ ಚಕ್ರ: ಜೋಡಿಯ ಒಳಮೈಗಳ ಅಂತರ ಸುಮಾರು 14.4 ಮಿ.ಮೀ. ಇರಬೇಕು. ಯಾವಾಗಲೂ ಒಂದೇ ಜಾಗದಲ್ಲಿ ಎಲ್ಲ ವ್ಯಾಗನ್ ಬಿದ್ದರೆ ತಪ್ಪು ಹಳಿಯದು. ಎಲ್ಲೆಡೆ ಒಂದೇ ವ್ಯಾಗನ್ ಬಿದ್ದರೆ ತಪ್ಪು ಆ ವ್ಯಾಗನ್ನಿನದು. ಕೊಕ್ಕೆಗಳು ಎಲ್ಲ ಒಂದೇ ಬಗೆಯವು, ಒಂದೇ ಎತ್ತರದಲ್ಲಿರಲಿ. ಮುಷ್ಟಿಯಾಕಾರದ ಕೊಕ್ಕೆಗಳನ್ನು ಬಿಡಿಸಲು ಚೂಪು ಮಾಡಿದ ಬಿದಿರು ಕಡ್ಡಿಯನ್ನು ನಡುವೆ ಇಳಿಸಿ ತಿರುಗಿಸಿದರೆ ಸಾಕು.

ಡಿಸಿಸಿಗೆ ಏರುವುದು

ಡಿಸಿಯಲ್ಲಿ ಹಳಿಯ ವೋಲ್ಟೇಜ್ ಬದಲಿಸಿ ಇಂಜಿನ್ ಓಡಿಸುತ್ತೀರಿ, ಹಾಗಾಗಿ ಹಳಿಯ ಮೇಲಿರುವ ಎಲ್ಲ ಇಂಜಿನ್ ಒಟ್ಟಿಗೆ ಹೊರಡುತ್ತವೆ. ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿಯಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವಿದ್ಯುತ್. ಅದರಲ್ಲೇ ಆದೇಶವೂ ಹರಿಯುತ್ತದೆ. ಪ್ರತಿ ಇಂಜಿನ್ನಿನೊಳಗೆ ಕೂರುವ ಡಿಕೋಡರ್ ಎಂಬ ಸಣ್ಣ ಸರ್ಕೀಟು ತನ್ನ ಸಂಖ್ಯೆಯ ಆದೇಶವನ್ನಷ್ಟೇ ಪಾಲಿಸುತ್ತದೆ. ಒಂದೇ ಇಂಜಿನ್ ಇದ್ದವರಿಗೆ ಇದರ ಅವಸರವಿಲ್ಲ. ಎರಡನೆಯದು ಬಂದಾಗ ಯೋಚಿಸಿ.

ಬ್ರ್ಯಾಂಡೆಡ್ ಕಂಟ್ರೋಲರ್ ದುಬಾರಿ ಎನಿಸಿದರೆ ಡಿಸಿಸಿ-ಇಎಕ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಆರ್ಡುಯಿನೊ ಮೆಗಾ 2560 ಎಂಬ ಕಂಟ್ರೋಲರ್ ಬೋರ್ಡ್, ಅದರ ಮೇಲೆ ಕೂರುವ ಮೋಟರ್ ಶೀಲ್ಡ್, 14–15 ವೋಲ್ಟ್ ಅಡಾಪ್ಟರ್ ಸಾಕು. ಇವನ್ನು ಕೊಳ್ಳಲು ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದ್ದೇ ಇದೆ. ವೈಫೈ ಬೋರ್ಡ್ ಸೇರಿಸಿದರೆ ಮೊಬೈಲಿನ ಎಂಜಿನ್ ಡ್ರೈವರ್ ಆ್ಯಪ್‌ನಿಂದಲೇ ಓಡಿಸಬಹುದು. ಒಂದು ಕೆಲಸ ಮಾತ್ರ ಮರೆಯಬಾರದು: ಶೀಲ್ಡ್‌ನ ಕೆಳಮೈಯಲ್ಲಿ ವಿನ್ ಕನೆಕ್ಟ್ ಎಂದು ಗುರುತಿಸಿದ ತಾಮ್ರದ ಗೆರೆಯನ್ನು ಕತ್ತರಿಸಿ. ಇಲ್ಲದಿದ್ದರೆ ಹಳಿಗೆಂದು ಕೊಟ್ಟ ವೋಲ್ಟೇಜ್ ಆರ್ಡುಯಿನೊಗೂ ನುಗ್ಗಿ ಅದನ್ನು ಸುಡಬಹುದು. ಮೆಗಾಗೆ ಬೇರೆ ಸಣ್ಣ ಅಡಾಪ್ಟರ್ ಕೊಡಿ.

ಡಿಕೋಡರ್ ಕೂರಿಸುವಾಗ ಬಣ್ಣಗಳು ಹೀಗೆ: ಕೆಂಪು, ಕಪ್ಪು ಹಳಿಯಿಂದ, ಕಿತ್ತಳೆ, ಬೂದು ಮೋಟರಿಗೆ, ಬಿಳಿ ಮುಂದಿನ ದೀಪ, ಹಳದಿ ಹಿಂದಿನದು, ನೀಲಿ ದೀಪಗಳ ಸಮಾನ ತಂತಿ. ಹಳೆಯ ಇಂಜಿನ್‌ಗಳಲ್ಲಿ ಮೋಟರಿನ ಒಂದು ತುದಿ ಲೋಹದ ಚಾಸಿಗೇ ತಾಗಿರುತ್ತದೆ. ಮಲ್ಟಿಮೀಟರಿನಲ್ಲಿ ನೋಡಿ, ಮೋಟರನ್ನು ಪೂರ್ತಿ ಬೇರ್ಪಡಿಸದೆ ಡಿಕೋಡರ್ ಹಾಕಿದರೆ ಮೊದಲ ಸೆಕೆಂಡಿನಲ್ಲೇ ಅದು ಸುಟ್ಟುಹೋಗುತ್ತದೆ. ಎಂಟು ಪಿನ್ನಿನ ಸಾಕೆಟ್ ಇರುವ ಇಂಜಿನ್ನಾದರೆ ಕಿತ್ತಳೆ ತಂತಿಯ ಪಿನ್ ಒಂದನೇ ತೂತಿಗೆ ಬರಬೇಕು. ತಿರುಗಿಸಿ ಹಾಕಿದರೆ ಇಂಜಿನ್ ಓಡುತ್ತದೆ, ದೀಪ ಹತ್ತುವುದಿಲ್ಲ.

ಹೊಸ ಡಿಕೋಡರಿನ ಸಂಖ್ಯೆ 3. ಅದನ್ನು ಸಿವಿ 1ರಲ್ಲಿ ಬದಲಿಸಿ; ಸಿವಿ ಅಂದರೆ ಡಿಕೋಡರಿನೊಳಗಿನ ಬದಲಿಸಬಹುದಾದ ಸೆಟ್ಟಿಂಗ್. ಸಿವಿ 2 ಹೊರಡುವ ವೋಲ್ಟೇಜ್, ಸಿವಿ 3 ವೇಗ ಏರುವ ಬಗೆ, ಸಿವಿ 4 ಇಳಿಯುವ ಬಗೆ, ಸಿವಿ 5 ಗರಿಷ್ಠ ವೇಗ. ಶಂಟಿಂಗಿಗೆ ಸಿವಿ 5ನ್ನು ತಗ್ಗಿಸಿದರೆ ಇಂಜಿನ್ನಿಗೆ ತಕ್ಕ ಗಾಂಭೀರ್ಯ ಬರುತ್ತದೆ. ಗೊಂದಲವಾದರೆ ಬಹಳಷ್ಟು ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ 8 ಬರೆದರೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಡಿಕೋಡರ್ ಇಲ್ಲದ ಇಂಜಿನ್ನನ್ನು ಡಿಸಿಸಿ ಹಳಿಯ ಮೇಲೆ ಇಡಬೇಡಿ; ನಿಂತಲ್ಲೇ ಗುಂಯ್‌ಗುಟ್ಟಿ ಮೋಟರ್ ಕಾದು ಕೆಡುತ್ತದೆ.

ಕೊನೆಗೆ ನಾಣ್ಯದ ಪರೀಕ್ಷೆ: ಹಳಿಗಳ ಮೇಲೆ ಅಡ್ಡಲಾಗಿ ಒಂದು ರೂಪಾಯಿ ನಾಣ್ಯ ಇಡಿ. ಕಂಟ್ರೋಲರ್ ತಕ್ಷಣ ವಿದ್ಯುತ್ ಕಡಿಯಬೇಕು. ಪ್ರತಿ ಹಳಿ ತುಂಡಿನಲ್ಲೂ ಹೀಗೆ ಮಾಡಿ. ಎಲ್ಲಾದರೂ ಕಡಿಯದಿದ್ದರೆ ಅಲ್ಲಿಯ ತಂತಿ ತೆಳು ಅಥವಾ ಬೆಸುಗೆ ಸಡಿಲ. ಮುಂದೊಂದು ದಿನ ಅಲ್ಲೇ ಹಳಿ ತಪ್ಪಿದ ಬೋಗಿಯ ಚಕ್ರ ಕಾದು ಪ್ಲಾಸ್ಟಿಕ್ ಕರಗುತ್ತದೆ.

ಏರು, ಜಲ್ಲಿ

ಯಾರ್ಡನ್ನು ಮುಂದೆ 8×4ರ ಸುತ್ತುಹಳಿಗೆ ಸೇರಿಸುವವರು ಮೇಲ್ಸೇತುವೆಯ ಆಸೆಗೆ ಬೀಳುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1, ಅಂದರೆ ನೂರಕ್ಕೆ 2. ಮನೆಯಲ್ಲೂ ಅದೇ ಮಿತಿ ಇಟ್ಟುಕೊಳ್ಳಿ. ಒಂದು ಹಳಿ ಇನ್ನೊಂದನ್ನು ದಾಟಲು 8 ಸೆಂ.ಮೀ. ಎತ್ತರ ಬೇಕು, ಅದಕ್ಕೆ 4 ಮೀಟರ್ ಓಟ, ಇಳಿಯಲು ಇನ್ನೊಂದು 4 ಮೀಟರ್. 8×4ರ ಸುತ್ತು ಇರುವುದೇ 6 ಮೀಟರ್. ಲೆಕ್ಕ ಹೊಂದುವುದಿಲ್ಲ, ಹಳಿ ಸಮತಟ್ಟಾಗಿರಲಿ, ಕಣಿವೆಯನ್ನು ಹಲಗೆಯಲ್ಲಿ ಕೊರೆದು ಸೇತುವೆ ಮಾಡಿ.

ಅಸಲಿ ಹಳಿಯ ಜಲ್ಲಿ 20ರಿಂದ 65 ಮಿ.ಮೀ. ಎಚ್‌ಒಗೆ ಅದು ಮುಕ್ಕಾಲು ಮಿಲಿಮೀಟರಿಗಿಂತ ಸಣ್ಣದು. ಕ್ರಷರ್ ಪುಡಿಯನ್ನು ಟೀ ಸೋಸುವ ಜಾಲರಿಯಲ್ಲಿ ಸೋಸಿ, ತೊಳೆದು ಒಣಗಿಸಿ, ಬಳಿಕ ಅದರಲ್ಲಿ ಅಯಸ್ಕಾಂತ ಆಡಿಸಿ. ಕಲ್ಲಿನ ಪುಡಿಯಲ್ಲಿರುವ ಕಬ್ಬಿಣದ ಕಣಗಳನ್ನು ತೆಗೆಯದಿದ್ದರೆ ಇಂಜಿನ್ನಿನ ಮೋಟರ್ ಅವನ್ನು ಒಳಗೆ ಎಳೆದುಕೊಳ್ಳುತ್ತದೆ. ಜಲ್ಲಿಯನ್ನು ಒಣ ಬ್ರಷ್‌ನಲ್ಲಿ ಸರಿಪಡಿಸಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ, ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಡ್ರಾಪರಿನಿಂದ ಹನಿಸಿ. ಪಾಯಿಂಟ್ಸ್‌ನ ಚಲಿಸುವ ಭಾಗದ ಹತ್ತಿರ ಅಂಟು ಬೇಡ. ಅಲ್ಲಿ ಬೂದು ಬಣ್ಣ ಸಾಕು. ಒಂದು ದಿನ ಒಣಗಲು ಬಿಟ್ಟು, ಹಳಿಯ ತಲೆಯನ್ನು ಅದೇ ಆಲ್ಕೊಹಾಲ್ ಅದ್ದಿದ ಎಳೆಬಿಡದ ಬಟ್ಟೆಯಿಂದ ಒರೆಸಿ. ಮರಳು ಕಾಗದ ಬೇಡ, ಅದು ಮಾಡುವ ಗೀರುಗಳಲ್ಲೇ ಮುಂದಿನ ಕೊಳೆ ಕೂರುತ್ತದೆ. ಓಡಿಸದ ದಿನಗಳಲ್ಲಿ ಹಲಗೆಯ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಬೇಡಿ, ನೂಲಿನ ಎಳೆಗಳು ಆಕ್ಸಲ್‌ಗೆ ಸುತ್ತಿಕೊಳ್ಳುತ್ತವೆ. ಪ್ಲಾಸ್ಟಿಕ್ ಹಾಳೆ ಒಳ್ಳೆಯದು.